ಇನ್, ಅನ್, ಡಿಸ್ ಹಚ್ಚಿದ್ರೆ ಪದ ಯಾವಾಗ್ಲೂ ಉಲ್ಟಾ ಆಗ್ತೈತಾ?

ವಿದ್ಯಾನಗರ_ದಾವಣಗೆರೆ:
ಎಲ್ರಿಗೂ ನಮಸ್ಕಾರ. ಎಫ್‌ಡಿಎಗೆ ಓದ್ತಾ ಇದೀನಿ, ಜನರಲ್ ಇಂಗ್ಲಿಷ್ ಪೇಪರ್ ತಗೊಂಡೀನಿ. ನೋಟ್ಸ್‌ನಾಗೆ ಅನ್, ಇನ್, ಡಿಸ್, ಮಿಸ್ ಮುಂದೆ ಹಚ್ಚಿದ್ರೆ ವಿರುದ್ಧ ಪದ ಆಗ್ತೈತೆ ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಾರೆ. ಹ್ಯಾಪಿ, ಅನ್‌ಹ್ಯಾಪಿ ಸರಿ. ಆದ್ರೆ ಬೈಪಾಸ್‌ನಾಗೆ ಹೋಗೋ ಪೆಟ್ರೋಲ್ ಟ್ಯಾಂಕರ್ ಹಿಂದೆ ಹೈಲಿ ಇನ್‌ಫ್ಲೇಮಬಲ್ ಅಂತ ಬರ್ದಿರ್ತಾರಲ್ಲ, ಡಿಕ್ಷನರಿ ನೋಡಿದ್ರೆ ಫ್ಲೇಮಬಲ್ ಅಂದ್ರೂ ಬೆಂಕಿ ಹತ್ತೋದು ಇನ್‌ಫ್ಲೇಮಬಲ್ ಅಂದ್ರೂ ಬೆಂಕಿ ಹತ್ತೋದು ಅಂತೈತೆ. ಇನ್‌ವ್ಯಾಲ್ಯೂಯಬಲ್ ಅಂದ್ರೆ ಬೆಲೆ ಇಲ್ದಿದ್ದಲ್ಲ, ಭಾಳ ಬೆಲೆ ಇರೋದಂತೆ. ಮತ್ತೆ ಪಾಸಿಬಲ್‌ಗೆ ಇಮ್, ಲೀಗಲ್‌ಗೆ ಇಲ್, ರೆಗ್ಯುಲರ್‌ಗೆ ಇರ್ ಯಾಕೆ? ಬಾಯಿಪಾಠನೇ ಗತಿನಾ, ಗೊತ್ತಿರೋರು ಹೇಳ್ರಪ್ಪ.

ದುರ್ಗದ_ಮೇಷ್ಟ್ರು:
ಬಾಯಿಪಾಠ ಬೇಡ ತಮ್ಮ, ಬಾಯಿ ಸಾಕು. ಕಂಬ ಅನ್ನು, ಗಂಟೆ ಅನ್ನು. ಬರೆಯೋ ಸೊನ್ನೆ ಒಂದೇ, ಆದ್ರೆ ಕಂಬದಲ್ಲಿ ತುಟಿ ಕೂಡಿ ಮ್ ಆಗುತ್ತೆ, ಗಂಟೆಯಲ್ಲಿ ತುಟಿ ಕೂಡೋದೇ ಇಲ್ಲ. ಲ್ಯಾಟಿನ್‌ನ ಇನ್‌ಗೂ ಇದೇ ಕಥೆ. ಪ, ಬ, ಮ ಮುಂದೆ ಇದ್ರೆ ಇಮ್ ಆಗುತ್ತೆ, ಲ ಇದ್ರೆ ಇಲ್, ರ ಇದ್ರೆ ಇರ್. ಅನ್ ಮಾತ್ರ ಇಂಗ್ಲಿಷಿನ ಸ್ವಂತದ್ದು, ಅದು ಸ್ಪೆಲ್ಲಿಂಗಲ್ಲಿ ಯಾರಿಗೂ ಬಗ್ಗಲ್ಲ, ಅನ್‌ಪಾಪ್ಯುಲರ್ ಅಂತಾನೇ ಬರೀತೀವಿ.

ಇನ್ನು ನಿನ್ನ ಟ್ಯಾಂಕರ್. ಲ್ಯಾಟಿನ್‌ನಲ್ಲಿ ಇನ್ ಎರಡಿವೆ, ಒಂದು ಅಲ್ಲ ಅನ್ನೋದು, ಇನ್ನೊಂದು ಒಳಗೆ ಅನ್ನೋದು. ಇನ್‌ಫ್ಲೇಮಬಲ್‌ನಲ್ಲಿರೋದು ಎರಡನೇದು, ಉರಿ ಹಚ್ಚು ಅನ್ನೋ ಕ್ರಿಯಾಪದದಿಂದ ಬಂದಿದ್ದು. ಇಂಪೋರ್ಟ್‌ನಲ್ಲೂ ಅದೇ, ಒಳಗೆ ತರೋದು. ಜನ ಇದನ್ನ ಬೆಂಕಿ ಹತ್ತಲ್ಲ ಅಂತ ತಿಳ್ಕೊಂಡ್ರೆ ಜೀವಕ್ಕೇ ಅಪಾಯ ಅಂತ ಅಮೆರಿಕದ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್ 1920ರ ದಶಕದಲ್ಲೇ ಫ್ಲೇಮಬಲ್ ಅಂತ ಬರೀರಿ ಅಂತ ಒತ್ತಾಯ ಮಾಡಿತ್ತು. ಬೆಂಕಿ ಹತ್ತದೇ ಇರೋದಕ್ಕೆ ನಾನ್‌ಫ್ಲೇಮಬಲ್. ನಮ್ಮ ಟ್ಯಾಂಕರ್‌ಗಳ ಮೇಲೂ ಬದಲಾಯಿಸಬೇಕು ಅನ್ನೋದು ನನ್ನ ಅಭಿಪ್ರಾಯ.

ಬೆಣ್ಣೆದೋಸೆ_ಅಕ್ಕ:
ಮೇಷ್ಟ್ರೇ ಚೆನ್ನಾಗಿ ಹೇಳಿದ್ರಿ. ಇನ್‌ವ್ಯಾಲ್ಯೂಯಬಲ್ ನಾನ್ ಹೇಳ್ತೀನಿ, ನಾವು ಅಮೂಲ್ಯ ಅಂತೀವಲ್ಲ, ಅಲ್ಲೂ ಅ ಅಂದ್ರೆ ಇಲ್ಲ ಅಂತಾನೇ, ಆದ್ರೆ ಅಮೂಲ್ಯ ಸಲಹೆ ಅಂದ್ರೆ ಯಾರಾದ್ರೂ ಬೇಜಾರಾಗ್ತಾರಾ? ಬೆಲೆ ಕಟ್ಟೋಕೆ ಆಗಲ್ಲ ಅಷ್ಟು ದೊಡ್ಡದು ಅಂತ ಅರ್ಥ. ಇದೂ ಥೇಟ್ ಅದೇ. ಬೆಲೆ ಇಲ್ಲದ್ದು ಅನ್ನೋಕೆ ವರ್ತ್‌ಲೆಸ್ ಅಂತ ಬೇರೆ ಪದ ಐತೆ.

ಇನ್ನೊಂದು ಆಸ್ಪತ್ರೆಯಲ್ಲಿ ಕೆಲಸ ಮಾಡೋರಿಗೆ ದಿನಾ ಸಿಗೋದು. ಅಡ್ಮಿಟ್ ಆದೋರು ಇನ್‌ಪೇಷಂಟ್, ತಾಳ್ಮೆ ಇಲ್ದೋರು ಇಂಪೇಷಂಟ್. ಮೊದಲನೇದು ಇಂಗ್ಲಿಷಿನದೇ ಇನ್, ಒಳಗೆ ಅಂತ, ಅದಕ್ಕೇ ಸ್ಪೆಲ್ಲಿಂಗಲ್ಲಿ ಎನ್ ಹಂಗೇ ಉಳ್ಕೊಂಡೈತೆ. ಕೇಸ್ ಶೀಟಲ್ಲಿ ಒಂದು ಅಕ್ಷರ ತಪ್ಪಿದ್ರೆ ಅರ್ಥನೇ ಬೇರೆ.

ಹೊಳಲ್ಕೆರೆ_ರೋಡ್:
ಡಿಸ್‌ಇಂಟರೆಸ್ಟೆಡ್ ಬಿಟ್ಟೇಬಿಟ್ರಲ್ಲ. ಅನ್‌ಇಂಟರೆಸ್ಟೆಡ್ ಅಂದ್ರೆ ಆಸಕ್ತಿ ಇಲ್ಲ, ಡಿಸ್‌ಇಂಟರೆಸ್ಟೆಡ್ ಅಂದ್ರೆ ಸ್ವಂತ ಲಾಭ ಇಲ್ಲದೆ ನಿಷ್ಪಕ್ಷಪಾತವಾಗಿರೋದು. ಜಡ್ಜ್ ಡಿಸ್‌ಇಂಟರೆಸ್ಟೆಡ್ ಆಗಿರಬೇಕು, ಅನ್‌ಇಂಟರೆಸ್ಟೆಡ್ ಆಗಿದ್ರೆ ಕಕ್ಷಿದಾರನ ಗತಿ ಏನು. ಈಗ ಬಹಳ ಜನ ಎರಡನ್ನೂ ಒಂದೇ ಥರ ಬಳಸ್ತಾರೆ, ಪರೀಕ್ಷೆಗೆ ಮಾತ್ರ ವ್ಯತ್ಯಾಸ ಇಟ್ಕೊಳ್ಳಿ. ಹಂಗೇ ಮಿಸ್‌ಇನ್‌ಫರ್ಮೇಷನ್ ಅಂದ್ರೆ ತಪ್ಪು ಮಾಹಿತಿ, ಗೊತ್ತಿಲ್ದೆ ಹಂಚಿದ್ರೂ ಅದೇ. ಡಿಸ್‌ಇನ್‌ಫರ್ಮೇಷನ್ ಅಂದ್ರೆ ಸುಳ್ಳು ಅಂತ ಗೊತ್ತಿದ್ದೇ ಹಬ್ಬಿಸೋದು.

ಅನ್‌ಗೂ ಎರಡು ಕೆಲಸ. ಗುಣ ಹೇಳೋ ಪದಕ್ಕೆ ಹಚ್ಚಿದ್ರೆ ಅಲ್ಲ ಅಂತ, ಕ್ರಿಯೆಗೆ ಹಚ್ಚಿದ್ರೆ ಮಾಡಿದ್ದನ್ನ ಬಿಚ್ಚೋದು ಅಂತ. ಅನ್‌ಟೈ ಅಂದ್ರೆ ಕಟ್ಟದೇ ಇರೋದಲ್ಲ, ಗಂಟು ಬಿಚ್ಚೋದು. ಅನ್‌ಲಾಕಬಲ್ ಬಾಗಿಲು ಅಂದ್ರೆ ಬೀಗ ತೆಗೀಬಹುದಾದ ಬಾಗಿಲೂ ಹೌದು, ಬೀಗ ಹಾಕೋಕೇ ಬರದ ಬಾಗಿಲೂ ಹೌದು!

ವಿದ್ಯಾನಗರ_ದಾವಣಗೆರೆ:
ಎಲ್ರಿಗೂ ಥ್ಯಾಂಕ್ಸ್, ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ. ಕೊನೇದು ಒಂದು, ಇನ್‌ಫೇಮಸ್ ಅಂದ್ರೆ ಹೆಸರು ಗೊತ್ತಿಲ್ದೋರು ಅಂತನಾ?

ದುರ್ಗದ_ಮೇಷ್ಟ್ರು:
ಅಲ್ಲ, ಕುಖ್ಯಾತ ಅಂತ. ಹೆಸರು ಎಲ್ರಿಗೂ ಗೊತ್ತು, ಆದ್ರೆ ಕೆಟ್ಟದ್ದಕ್ಕೆ. ಹೆಸರು ಗೊತ್ತಿಲ್ದೋರು ಅನ್‌ನೋನ್. ಇನ್ನೊಂದು, ಉಚ್ಚಾರ ಫೇಮಸ್ ಥರ ಅಲ್ಲ, ಒತ್ತು ಇನ್ ಮೇಲೆ, ಇನ್‌ಫಮಸ್.