ಇವೋನಾ, ಎಸ್‌ಟಿಐನಾ? ಘಾಟಿ ರಸ್ತೆಯಲ್ಲಿ ಓಡಿಸಿ ಕಲಿತವನಿಗೆ ಯಾವುದು ಹೊಂದುತ್ತದೆ?

ಹೇಮಾವತಿ_ಹುಡುಗ, ಹಾಸನ

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಮೂರು ತಿಂಗಳಲ್ಲಿ ನ್ಯೂಜಿಲೆಂಡ್‌ಗೆ ಹೋಗುತ್ತಿದ್ದೇನೆ, ಕಡಿಮೆ ಅಂದರೂ ನಾಲ್ಕು ವರ್ಷ ಅಲ್ಲೇ ಇರಬೇಕು. ಅಲ್ಲಿ ಜಪಾನಿನಿಂದ ತರಿಸಿದ ಹಳೇ ಕಾರುಗಳು ಸಿಗುತ್ತವೆ, ನಮ್ಮ ಹಾಗೇ ಬಲಗಡೆ ಸ್ಟೀರಿಂಗ್. ಚಿಕ್ಕಂದಿನಿಂದ ನನ್ನ ತಲೆಯಲ್ಲಿ ಕೂತಿರುವುದು ಎರಡೇ ಕಾರು. ಮಿತ್ಸುಬಿಷಿ ಲ್ಯಾನ್ಸರ್ ಇವೊಲ್ಯೂಷನ್ (ಇವೋ) ಮತ್ತು ಸುಬಾರು ಇಂಪ್ರೆಜಾ ಎಸ್‌ಟಿಐ. ಒಂದನ್ನು ತಗೊಳ್ಳಲೇಬೇಕು ಅಂತ ದುಡ್ಡು ಕೂಡಿಟ್ಟಿದ್ದೇನೆ.

ನಾನು ಓಡಿಸಿ ಕಲಿತಿದ್ದು ಮೂಡಿಗೆರೆ ಹತ್ತಿರ ಅಜ್ಜನ ತೋಟದಲ್ಲಿ, ಜೀಪಿನಲ್ಲಿ. ಆಮೇಲೆ ಮಾವ ಅವರ ಮಿತ್ಸುಬಿಷಿ ಸೀಡಿಯಾ ಕಾರು ಕೊಟ್ಟರು, ಈಗಲೂ ಅದೇ ಓಡಿಸುತ್ತಿದ್ದೇನೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವುದು, ವಾಪಸ್ ಹತ್ತುವುದು, ಮಳೆಗಾಲದಲ್ಲೂ ಬಿಟ್ಟವನಲ್ಲ. ಸೀಡಿಯಾ ಮುಂದಿನ ಚಕ್ರದಲ್ಲಿ ಎಳೆಯುವ ಗಾಡಿ, ಒದ್ದೆ ತಿರುವಿನಲ್ಲಿ ಸ್ವಲ್ಪ ಜಾಸ್ತಿ ಆಕ್ಸಿಲರೇಟರ್ ಕೊಟ್ಟರೆ ಮೂತಿ ಹೊರಗಡೆ ಹೋಗುತ್ತದೆ, ಕಾಲು ತೆಗೆದರೆ ಒಳಗೆ ಬರುತ್ತದೆ, ನನಗೆ ಗೊತ್ತಿರುವುದು ಅಷ್ಟೇ. ನಾಲ್ಕೂ ಚಕ್ರಕ್ಕೆ ಪವರ್ ಹೋಗುವ ಟರ್ಬೋ ಕಾರನ್ನು ಇವತ್ತಿನವರೆಗೆ ಮುಟ್ಟಿಲ್ಲ.

0ಯಿಂದ 100 ಎಷ್ಟು ಸೆಕೆಂಡ್ ಅಂತ ಹೇಳಬೇಡಿ, ಅದು ಎಲ್ಲಾ ಕಡೆ ಸಿಗುತ್ತದೆ. ತಿರುವಿನಲ್ಲಿ ಕಾರು ಏನು ಮಾಡುತ್ತದೆ? ಜಾರಿದಾಗ ಹೇಗೆ ಹೇಳುತ್ತದೆ? ಓಡಿಸಿದವರು, ಕೈ ಹಾಕಿ ಬಿಚ್ಚಿದವರು ದಯವಿಟ್ಟು ಬರೆಯಿರಿ. ಇವೋ 9 ಮತ್ತು ಅದೇ ಕಾಲದ ಎಸ್‌ಟಿಐ, ಈ ಎರಡು ನನ್ನ ಕಣ್ಣಲ್ಲಿವೆ. ಇವೋ 10 ಕೂಡ ನೋಡಬಹುದಾ?

ಸಕಲೇಶಪುರ_ಟು_ಪರ್ತ್

ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ನಾನು ಸಕಲೇಶಪುರದವನು, ಆಸ್ಟ್ರೇಲಿಯಾದಲ್ಲಿ ಆರು ವರ್ಷ ಎಸ್‌ಟಿಐ ಇಟ್ಟುಕೊಂಡಿದ್ದೆ. ಪಕ್ಕದ ಮನೆಯವರ ಹತ್ತಿರ ಇವೋ 9 ಇತ್ತು, ವಾರಕ್ಕೊಮ್ಮೆ ಕಾರು ಬದಲಾಯಿಸಿಕೊಂಡು ಬೆಟ್ಟದ ಕಡೆ ಹೋಗುತ್ತಿದ್ದೆವು. ಹಾಗಾಗಿ ಎರಡರ ಬಗ್ಗೆಯೂ ಹೇಳಬಲ್ಲೆ.

ಮೊದಲು ಎಸ್‌ಟಿಐ. ಇದರ ಎಂಜಿನ್ ಬಾಕ್ಸರ್, ಸಿಲಿಂಡರುಗಳು ಎರಡು ಕಡೆಗೆ ಮಲಗಿರುತ್ತವೆ. ಭಾರ ಕೆಳಗಿದೆ ನಿಜ, ಆದರೆ ಆ ಎಂಜಿನ್ ಪೂರ್ತಿ ಮುಂದಿನ ಆಕ್ಸಲ್‌ಗಿಂತ ಮುಂದೆ ಕೂತಿದೆ. ತಿರುವಿಗೆ ಸ್ಪೀಡಾಗಿ ನುಗ್ಗಿ ಸ್ಟೀರಿಂಗ್ ತಿರುಗಿಸಿದರೆ ನಿಮ್ಮ ಸೀಡಿಯಾ ತರಹವೇ ಮೂತಿ ಹೊರಗೆ ಹೋಗುತ್ತದೆ. ಬ್ರೇಕನ್ನು ತಿರುವಿನ ಬಾಯಿಯವರೆಗೂ ಹಿಡಿದುಕೊಂಡು ಹೋಗಬೇಕು. ಆಗ ಮುಂದಿನ ಟೈರ್ ಮೇಲೆ ಭಾರ ಬೀಳುತ್ತದೆ, ಆಗ ತಿರುಗಿಸಿ, ಕಾರು ಒಳಗೆ ಬಂದ ತಕ್ಷಣ ಆಕ್ಸಿಲರೇಟರ್ ಕೊಡಿ. ನಾಲ್ಕೂ ಚಕ್ರ ಮಣ್ಣನ್ನು ಕಚ್ಚಿಕೊಂಡು ಎಳೆಯುವುದು ಸೀಟಿನ ಮೂಲಕ ಬೆನ್ನಿಗೆ ಗೊತ್ತಾಗುತ್ತದೆ. ಈ ಅಭ್ಯಾಸ ಕೈಗೆ ಬರಲು ನನಗೆ ಒಂದು ವರ್ಷ ಹಿಡಿಯಿತು.

ಗೇರ್ ಲಿವರ್ ಹಿಂದೆ ಒಂದು ಸಣ್ಣ ಚಕ್ರ ಇದೆ, ಹೆಬ್ಬೆರಳಲ್ಲಿ ತಿರುಗಿಸುವುದು. ಮುಂದಿನ, ಹಿಂದಿನ ಚಕ್ರಗಳಿಗೆ ಪವರ್ ಹಂಚುವ ಮಧ್ಯದ ಡಿಫರೆನ್ಷಿಯಲ್ ಎಷ್ಟು ಬಿಗಿ ಇರಬೇಕು ಅಂತ ಅದರಲ್ಲಿ ನೀವೇ ಹೇಳಬಹುದು. ಸಡಿಲ ಬಿಟ್ಟರೆ ತಿರುವಿನಲ್ಲಿ ಹಗುರವಾಗಿ ಒಳಗೆ ಬರುತ್ತದೆ, ಬಿಗಿ ಮಾಡಿದರೆ ಜಲ್ಲಿ ರಸ್ತೆ ಏರಿನಲ್ಲಿ ಕಪ್ಪೆ ಹಾರಿದ ಹಾಗೆ ಹೊರಡುತ್ತದೆ. ಪೂರ್ತಿ ಬಿಗಿ ಮಾಡಿಕೊಂಡು ಟಾರ್ ಮೇಲೆ ಪಾರ್ಕಿಂಗ್ ಮಾಡಲು ಹೋಗಬೇಡಿ, ಟೈರ್ ತಿಕ್ಕಿಕೊಂಡು ಗಾಡಿ ಒದ್ದಾಡುತ್ತದೆ.

ಇವೋ 9 ಬೇರೆಯೇ ಪ್ರಾಣಿ. ಸ್ಟೀರಿಂಗ್ ಎಷ್ಟು ಚುರುಕು ಅಂದರೆ ಮೊದಲ ದಿನ ಎಲ್ಲಾ ತಿರುವಿನಲ್ಲೂ ನಾನು ಜಾಸ್ತಿ ತಿರುಗಿಸುತ್ತಿದ್ದೆ. ಜಪಾನಿನ ಜಿಎಸ್‌ಆರ್ ಮಾಡೆಲ್ ಆದರೆ ಹಿಂದಿನ ಡಿಫರೆನ್ಷಿಯಲ್‌ನಲ್ಲಿ ಯಾ ಕಂಟ್ರೋಲ್ (yaw control, ಕಾರು ತಿರುಗುವುದನ್ನು ಹತೋಟಿಯಲ್ಲಿಡುವ ವ್ಯವಸ್ಥೆ) ಇರುತ್ತದೆ. ತಿರುವಿನಲ್ಲಿ ಹೊರಗಿನ ಹಿಂದಿನ ಚಕ್ರಕ್ಕೆ ಜಾಸ್ತಿ ಪವರ್ ಕಳಿಸಿ, ಹಿಂದಿನಿಂದ ಯಾರೋ ಕೈ ಕೊಟ್ಟು ತಿರುಗಿಸಿದ ಹಾಗೆ ಮೂತಿಯನ್ನು ಒಳಗೆ ತಳ್ಳುತ್ತದೆ. ಮೂತಿ ಹೊರಗೆ ಹೋಗುತ್ತಿದೆ ಅನ್ನಿಸಿದಾಗ ಕಾಲು ತೆಗೆಯುವ ಬದಲು ಇನ್ನೂ ಒತ್ತಬೇಕು. ನಿಮ್ಮ ಸೀಡಿಯಾ ಅಭ್ಯಾಸಕ್ಕೆ ಪೂರ್ತಿ ಉಲ್ಟಾ. ಮನಸ್ಸು ಒಪ್ಪುವುದಿಲ್ಲ, ಆದರೆ ಒಮ್ಮೆ ಮಾಡಿ ನೋಡಿದರೆ ಬಿಡುವುದಿಲ್ಲ.

ಒಂದೇ ರಸ್ತೆಯಲ್ಲಿ ಎರಡನ್ನೂ ಓಡಿಸಿದರೆ ಇವೋ ವೇಗ. ನನಗೆ ಇವತ್ತಿಗೂ ನೆನಪಾಗುವುದು ಎಸ್‌ಟಿಐ.

ಸ್ಪ್ಯಾನರ್_ಚಿಕ್ಕಮಗಳೂರು

ತಮ್ಮಾ, ನಾನು ಸುಮಾರು ಹನ್ನೆರಡು ವರ್ಷ ರ‍್ಯಾಲಿ ಸರ್ವಿಸ್‌ನಲ್ಲಿ ಕೆಲಸ ಮಾಡಿದವನು. ನಮ್ಮೂರ ತೋಟದ ಸ್ಟೇಜುಗಳಲ್ಲಿ ಸೀಡಿಯಾ ಎಷ್ಟು ಬಿಚ್ಚಿ ಕಟ್ಟಿದ್ದೇನೋ ಲೆಕ್ಕ ಇಲ್ಲ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಿಕ್ಕಮಗಳೂರಿಗೆ ಬರುತ್ತಿದ್ದಾಗ ಹೊರಗಿನ ಗಾಡಿಗಳನ್ನೂ ಹತ್ತಿರದಿಂದ ನೋಡಿದ್ದೇನೆ. ಗೌರವ್ ಗಿಲ್ 2013, 2016, 2017ರಲ್ಲಿ ಆ ಚಾಂಪಿಯನ್‌ಶಿಪ್ ಗೆದ್ದಿದ್ದು ಸ್ಕೋಡಾ ಫಾಬಿಯಾದಲ್ಲಿ, ಅಷ್ಟರಲ್ಲಿ ಇವೋ, ಸುಬಾರು ಕಾಲ ಮುಗಿಯುತ್ತಾ ಬಂದಿತ್ತು. ಆದರೂ ಜನ ಕೇಳುವುದು ಈ ಎರಡನ್ನೇ.

ಪರ್ತ್ ಅಣ್ಣ ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ನೀನು ತಗೊಳ್ಳುತ್ತಿರುವುದು ಇಪ್ಪತ್ತು ವರ್ಷದ ಹಳೇ ಗಾಡಿ. ಅದು ತಿರುವಿನಲ್ಲಿ ಹೇಗಿರುತ್ತದೆ ಅನ್ನುವುದನ್ನು ಫ್ಯಾಕ್ಟರಿಗಿಂತ ಜಾಸ್ತಿ ಅದರ ಹಿಂದಿನ ಮಾಲೀಕ ತೀರ್ಮಾನ ಮಾಡಿರುತ್ತಾನೆ. ಸಸ್ಪೆನ್ಷನ್ನಿನ ರಬ್ಬರ್ ಬುಷ್ ಹೋಗಿದ್ದರೆ, ನಾಲ್ಕು ಟೈರ್ ನಾಲ್ಕು ತರಹ ಸವೆದಿದ್ದರೆ, ಯಾವ ಡಿಫರೆನ್ಷಿಯಲ್ಲೂ ಕಾಪಾಡುವುದಿಲ್ಲ. ನಾಲ್ಕೂ ಚಕ್ರಕ್ಕೆ ಪವರ್ ಹೋಗುವ ಗಾಡಿಗೆ ಟೈರ್ ನಾಲ್ಕೂ ಒಂದೇ ತರಹ ಇರಲೇಬೇಕು, ಇದನ್ನು ಬರೆದಿಟ್ಟುಕೋ.

ಇವೋ 9ರ ಎಂಜಿನ್ 4ಜಿ63, ಕಬ್ಬಿಣದ ಬ್ಲಾಕ್. ಇವೋ 1 ಬಂದ 1992ರಿಂದ ಇವೋ 9ರವರೆಗೂ ಅದೇ ಎಂಜಿನ್ನನ್ನು ತಿದ್ದಿ ತಿದ್ದಿ ಇಟ್ಟರು. ಏಟು ತಿನ್ನುವ ಎಂಜಿನ್, ನನಗೆ ಅದರ ಮೇಲೆ ತುಂಬಾ ಗೌರವ. ಟೈಮಿಂಗ್ ಬೆಲ್ಟ್ ಜೊತೆಗೆ, ಎಂಜಿನ್ ನಡುಕ ಕಡಿಮೆ ಮಾಡುವ ಬ್ಯಾಲೆನ್ಸ್ ಶಾಫ್ಟ್‌ಗೂ ಒಂದು ಸಣ್ಣ ಬೆಲ್ಟ್ ಇದೆ. ಸುಮಾರು 1 ಲಕ್ಷ ಕಿಲೋಮೀಟರ್ ಹತ್ತಿರ ಎರಡನ್ನೂ ಬದಲಾಯಿಸಿದ ಬಿಲ್ ಕೇಳು. ಸಣ್ಣದು ಹರಿದು ದೊಡ್ಡದಕ್ಕೆ ಸಿಕ್ಕಿಕೊಂಡರೆ ವಾಲ್ವ್ ಹೋಗಿ ಪಿಸ್ಟನ್‌ಗೆ ಹೊಡೆಯುತ್ತದೆ, ಅಲ್ಲಿಗೆ ಎಂಜಿನ್ ಮುಗಿಯಿತು.

ಸುಬಾರುನಲ್ಲಿ ಮುಖ್ಯ ವಿಷಯ ಯಾವ ಎಂಜಿನ್ ಅನ್ನುವುದು. ಜಪಾನಿನಿಂದ ಬಂದ ಎಸ್‌ಟಿಐ 2.0 ಲೀಟರ್, ಹೊರದೇಶಗಳಿಗೆ ಆಮೇಲೆ ಮಾರಿದ್ದು 2.5 ಲೀಟರ್. 2.5ರಲ್ಲಿ ಕೆಳಗಿನ ಎಳೆತ ಜಾಸ್ತಿ, ಊರೊಳಗೆ ಸುಲಭ. ಆದರೆ ಬೂಸ್ಟ್ (ಟರ್ಬೋ ತಳ್ಳುವ ಗಾಳಿಯ ಒತ್ತಡ) ಏರಿಸಿದರೆ ಪಿಸ್ಟನ್‌ನಲ್ಲಿ ರಿಂಗ್ ಕೂರುವ ಅಂಚು ಒಡೆಯುವುದು ಅದಕ್ಕೆ ಹೆಸರಾದ ಕಾಯಿಲೆ. 2.0 ಗಟ್ಟಿ, ಸ್ವಲ್ಪ ಮೇಲೆ ತಿರುಗಿಸಿದರೇ ಜೀವ ಬರುತ್ತದೆ. ಯಾವುದೇ ಆಗಲಿ, ಪೆಟ್ರೋಲ್ ಹಾಕಿಸಿದಾಗಲೆಲ್ಲ ಡಿಪ್‌ಸ್ಟಿಕ್ ಎಳೆದು ಎಂಜಿನ್ ಆಯಿಲ್ ನೋಡುವ ಅಭ್ಯಾಸ ಇರಬೇಕು.

ಸಕಲೇಶಪುರ_ಟು_ಪರ್ತ್

ಸ್ಪ್ಯಾನರ್ ಅಣ್ಣ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಸುಬಾರುವಿನ ಆ ಗುಡುಗುಡು ಶಬ್ದಕ್ಕೆ ಮನಸೋತಿದ್ದರೆ ನೋಡಿ ತಗೊಳ್ಳಿ. ಎಕ್ಸಾಸ್ಟ್ ಪೈಪುಗಳ ಉದ್ದ ಬೇರೆ ಬೇರೆ ಇರುವುದರಿಂದ ಆ ಶಬ್ದ ಬರುತ್ತದೆ. ಈ ಕಾಲದ ಜಪಾನ್ ಎಸ್‌ಟಿಐಗೆ ಟ್ವಿನ್ ಸ್ಕ್ರೋಲ್ ಟರ್ಬೋ, ಪೈಪುಗಳೆಲ್ಲ ಒಂದೇ ಉದ್ದ, ಆ ಶಬ್ದ ಇರುವುದಿಲ್ಲ. ಎಷ್ಟೋ ಜನ ಕೊಂಡ ಮೇಲೆ ಬೇಜಾರು ಮಾಡಿಕೊಂಡಿದ್ದಾರೆ.

ಇನ್ನೊಂದು. ನೀವು ಹೋಗುತ್ತಿರುವುದು ಸುಬಾರು ಪ್ರೀತಿಸುವ ದೇಶಕ್ಕೆ. ಕಾಲಿನ್ ಮೆಕ್ರೇ ತನ್ನ ಮೊದಲ ವಿಶ್ವ ರ‍್ಯಾಲಿ ಗೆದ್ದಿದ್ದು 1993ರಲ್ಲಿ ನ್ಯೂಜಿಲೆಂಡ್‌ನಲ್ಲೇ, ಸುಬಾರು ಲೆಗಸಿಯಲ್ಲಿ. ಸುಬಾರುಗೂ ಅದೇ ಮೊದಲ ಗೆಲುವು. ಅಲ್ಲಿನವರೇ ಆದ ಪಾಸಮ್ ಬೋರ್ನ್ ಸುಬಾರುನಲ್ಲಿ ಮೂರು ಸಲ ಏಷ್ಯಾ ಪೆಸಿಫಿಕ್ ಚಾಂಪಿಯನ್. ಬಿಡಿಭಾಗ, ಗೊತ್ತಿರುವ ಮೆಕ್ಯಾನಿಕ್ ಎರಡೂ ಸಿಗುತ್ತವೆ.

ಆಲ್ದೂರು_ಅರೇಬಿಕಾ

ಮೆಕ್ರೇ ಹೆಸರು ಬಂದಮೇಲೆ ಟಾಮಿ ಮಾಕಿನೆನ್ ಹೆಸರೂ ಬರಲೇಬೇಕು ಮಾರಾಯ. 1996ರಿಂದ 1999ರವರೆಗೆ ಸತತ ನಾಲ್ಕು ವಿಶ್ವ ಚಾಂಪಿಯನ್‌ಶಿಪ್, ನಾಲ್ಕೂ ಇವೋದಲ್ಲಿ!

ಇವೋ 10 ಬಗ್ಗೆ ನಾನು ಹೇಳುತ್ತೇನೆ. 2010ರಲ್ಲಿ ಇಂಡಿಯಾದಲ್ಲೂ ಮಾರಾಟಕ್ಕೆ ಬಂದಿತ್ತು, ಬೆಂಗಳೂರಿನ ಸ್ನೇಹಿತನದ್ದನ್ನು ಎರಡು ದಿನ ಓಡಿಸಿದ್ದೇನೆ, ಹಾಸನ, ಬೇಲೂರು ದಾಟಿ ಬಾಬಾಬುಡನ್‌ಗಿರಿ ತನಕ. ಎಂಜಿನ್ ಹೊಸದು, ಅಲ್ಯೂಮಿನಿಯಂ ಬ್ಲಾಕ್, ಬೆಲ್ಟ್ ಬದಲು ಚೈನ್. ಕೈಮರ ದಾಟಿ ಬೆಟ್ಟ ಹತ್ತುವಾಗ ಮಂಜು, ರಸ್ತೆ ಪೂರ್ತಿ ಒದ್ದೆ. ಸ್ವಿಚ್ ಒತ್ತಿ ಟಾರ್ಮ್ಯಾಕ್‌ನಿಂದ ಗ್ರಾವೆಲ್‌ಗೆ ಹಾಕಿದೆ. ಹೇರ್‌ಪಿನ್ ಬೆಂಡ್‌ನಲ್ಲಿ ಎರಡನೇ ಗೇರ್, ಅರ್ಧ ಆಕ್ಸಿಲರೇಟರ್, ಸ್ಟೀರಿಂಗ್ ಒಮ್ಮೆ ತಿರುಗಿಸಿ ಹಾಗೇ ಹಿಡಿದುಕೊಂಡೆ, ಕಾರು ದಾರ ಹಿಡಿದು ಎಳೆದ ಹಾಗೆ ತಿರುಗಿ ಹೊರಬಂತು. ಒಂದು ಸಲವೂ ಜಾರಲಿಲ್ಲ. ಇವೋ 9ಕ್ಕಿಂತ ಭಾರ, ಸೀಟ್ ಸ್ವಲ್ಪ ಎತ್ತರ, ಆದರೆ ದಿನಾ ಆಫೀಸಿಗೆ ಓಡಿಸಲು ಇದೇ ಒಳ್ಳೆಯದು.

ನೋಡಬೇಕಾದ್ದು ಯಾ ಕಂಟ್ರೋಲ್ ಪಂಪ್. ಹಿಂದಿನ ಚಕ್ರದ ಹತ್ತಿರ ಇರುತ್ತದೆ, ನೀರು, ಮಣ್ಣು ಹಾರಿ ತುಕ್ಕು ಹಿಡಿಯುತ್ತದೆ. ಡ್ಯಾಶ್‌ಬೋರ್ಡ್‌ನಲ್ಲಿ ಅದರ ಎಚ್ಚರಿಕೆ ಬಂದರೆ ಆ ಕಾರು ಬಿಟ್ಟುಬಿಡು, ಪಂಪ್ ಬೆಲೆ ತುಂಬಾ.

ಹೇಮಾವತಿ_ಹುಡುಗ, ಹಾಸನ

ಇಷ್ಟು ಬಿಡಿಸಿ ಹೇಳುತ್ತೀರಿ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಓದುತ್ತಾ ಓದುತ್ತಾ ನನ್ನ ಮನಸ್ಸು ಎಸ್‌ಟಿಐ ಕಡೆ ವಾಲಿದೆ. ಇವೋ ವೇಗ ಅಂತ ಒಪ್ಪುತ್ತೇನೆ. ಆದರೆ ಬ್ರೇಕ್ ಹಿಡಿದು ಮೂತಿಗೆ ಭಾರ ಕೊಟ್ಟು ತಿರುಗಿಸುವುದು ನನ್ನ ಕೈಗೆ ಅರ್ಧ ಗೊತ್ತಿರುವ ಕೆಲಸ, ಉಳಿದರ್ಧ ಕಲಿಯುವ ಆಸೆ ಇದೆ. ಕಾರೇ ತಿರುಗಿಸಿಕೊಟ್ಟರೆ ನಾನು ಕಲಿಯುವುದು ಯಾವಾಗ? 2.0 ಲೀಟರ್, ಏನೂ ಮಾಡಿಫೈ ಮಾಡದ ಕಾರು ಹುಡುಕುತ್ತೇನೆ. ಅಂಥದ್ದು ಸಿಗದಿದ್ದರೆ ಬಿಲ್ ಎಲ್ಲಾ ಇರುವ ಇವೋ 9.

ಸ್ಪ್ಯಾನರ್ ಅಣ್ಣ, ಬೂಸ್ಟ್ ಏರಿಸಿ, ಮಾರುವ ಮುಂಚೆ ವಾಪಸ್ ಇಳಿಸಿದ್ದರೆ ಗೊತ್ತಾಗುವುದು ಹೇಗೆ?

ಸ್ಪ್ಯಾನರ್_ಚಿಕ್ಕಮಗಳೂರು

ಪೈಪ್ ಕ್ಲಾಂಪ್ ನೋಡು. ಇಂಟರ್‌ಕೂಲರ್ ಸುತ್ತ ಇರುವ ಕ್ಲಾಂಪ್‌ಗಳಲ್ಲಿ ಒಂದೆರಡು ಮಾತ್ರ ಹೊಸದಾಗಿ ಹೊಳೆಯುತ್ತಿದ್ದರೆ ಅಲ್ಲಿ ಕೈ ಆಡಿದೆ ಅಂತ ಅರ್ಥ. ಬೋಲ್ಟ್ ತಲೆಯಲ್ಲಿ ಸ್ಪ್ಯಾನರ್ ಜಾರಿದ ಗುರುತು ಇದೆಯಾ ನೋಡು. ಬೂಸ್ಟ್ ಗೇಜ್ ಕಿತ್ತಿದ್ದರೆ ಮುಂದಿನ ಗಾಜಿನ ಪಕ್ಕದ ಕಂಬದ ಪ್ಲಾಸ್ಟಿಕ್‌ನಲ್ಲಿ ತೂತು ಉಳಿದಿರುತ್ತದೆ. ದುಡ್ಡು ಕೊಡುವ ಮುಂಚೆ ಸಿಲಿಂಡರ್ ಕಂಪ್ರೆಷನ್ ಮತ್ತು ಲೀಕ್‌ಡೌನ್ ಟೆಸ್ಟ್ ಮಾಡಿಸು, ಮಾರುವವನು ಒಪ್ಪದಿದ್ದರೆ ಅಲ್ಲೇ ಕೈಮುಗಿದು ಬಾ. ಎಂಜಿನ್ ತಣ್ಣಗಿರುವಾಗಲೇ ಮೊದಲ ಸ್ಟಾರ್ಟ್ ಕೇಳಬೇಕು, ನೀನು ಹೋಗುವಷ್ಟರಲ್ಲಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬೆಳಿಗ್ಗೆ ಹೋಗು.

ಬರೆದು ತಿಳಿಸುವುದು ಕಷ್ಟ. ಹೊರಡುವ ಮುಂಚೆ ಒಂದು ಭಾನುವಾರ ಬಂದುಬಿಡು. ಶೆಡ್‌ನಲ್ಲಿ ಒಂದು ಗಾಡಿ ಬಿಚ್ಚಿಟ್ಟಿದ್ದೇನೆ, ಬೇರಿಂಗ್ ಶಬ್ದ ಯಾವುದು, ಬುಷ್ ಶಬ್ದ ಯಾವುದು ಅಂತ ಕೈ ಇಡಿಸಿ ತೋರಿಸುತ್ತೇನೆ.

ಹೇಮಾವತಿ_ಹುಡುಗ, ಹಾಸನ

ಖಂಡಿತ ಬರುತ್ತೇನೆ ಅಣ್ಣ, ಈ ಭಾನುವಾರವೇ. ಸೀಡಿಯಾನೇ ತರುತ್ತೇನೆ, ಎಡಗಡೆ ಮುಂದಿನ ಚಕ್ರದಲ್ಲಿ ಒಂದು ತಿಂಗಳಿಂದ ಏನೋ ಶಬ್ದ ಬರುತ್ತಿದೆ. ಅದರಿಂದಲೇ ಶುರು ಮಾಡೋಣ.