ಅಮ್ಮನ ದವಡೆ ಹಲ್ಲಿಗೆ ಬ್ರಿಡ್ಜ್ ಕಟ್ಟಿಸೋದಾ, ಹಾಗೇ ಬಿಡೋದಾ? ಹಾಸನದ ಕಡೆಯವರು ಹೇಳಿ

ಅಮ್ಮನಿಗೆ 58 ವರ್ಷ. ಕೆಳಗಿನ ದವಡೆ ಹಲ್ಲು ಒಂದನ್ನು ಕೀಳಿಸಿ ನಾಲ್ಕು ತಿಂಗಳಾಯಿತು. ಅದರ ಮುಂದಿನ ಹಲ್ಲಿಗೆ ರೂಟ್ ಕೆನಾಲ್ ಆಗಿದೆ, ಕ್ಯಾಪ್ ಹಾಕಿಸಿಲ್ಲ. ಡಾಕ್ಟರ್ ಬ್ರಿಡ್ಜ್ ಅಂತಾರೆ. ಅಮ್ಮ "ಒಂದು ಹಲ್ಲಿಗೆ ಇಷ್ಟೆಲ್ಲ ಯಾಕೆ, ಇನ್ನೊಂದು ಕಡೆ ಅಗಿದರಾಯಿತು" ಅಂತಾರೆ. ನಾವು ಆಲೂರಿನವರು, ಹಾಸನಕ್ಕೆ ಓಡಾಡಬೇಕು. ಮಾಡಿಸಿಕೊಂಡವರು ದಯವಿಟ್ಟು ಹೇಳಿ.

ಸಕಲೇಶಪುರದಿಂದ:
ಅಕ್ಕ, ಮೊದಲು ಆ ರೂಟ್ ಕೆನಾಲ್ ಆದ ಹಲ್ಲು ನೋಡಿ. ನಾನು ಎಡವಿದ್ದು ಅಲ್ಲೇ. ನೋವು ಹೋಯಿತಲ್ಲ, ಕಾಫಿ ಕೊಯ್ಲು ಮುಗಿಯಲಿ, ಆಮೇಲೆ ಕ್ಯಾಪ್ ಹಾಕಿಸೋಣ ಅಂತ ತಳ್ಳುತ್ತಾ ಬಂದೆ. ಒಂದು ಸಂಜೆ ಕೋಡುಬಳೆ ಕಡಿದೆ, ಟಕ್ ಅಂತ ಶಬ್ದ. ನಾಲಿಗೆ ತಾಗಿಸಿದರೆ ಹಲ್ಲಿನ ಒಂದು ಹೋಳು ಅಲ್ಲಾಡುತ್ತಿತ್ತು. ಸೀಳು ಬೇರಿನವರೆಗೂ ಇಳಿದಿತ್ತು, ಕೀಳಿಸದೆ ಬೇರೆ ದಾರಿ ಇರಲಿಲ್ಲ. ಹುಳುಕು ತೆಗೆದು, ಕೊರೆದು ಮುಗಿಸುವ ಹೊತ್ತಿಗೆ ಹಲ್ಲಿನ ಒಳಗೆ ಬಹಳಷ್ಟು ಹೋಗಿರುತ್ತದೆ, ಉಳಿಯುವುದು ತೆಳು ಗೋಡೆ. ಅದು ಅಗಿಯುವ ಭಾರ ತಡೆಯಲಿ ಅಂತಲೇ ಕ್ಯಾಪ್.

ಬ್ರಿಡ್ಜ್ ಅಂದರೆ ಮೂರು ಹಲ್ಲು ಸೇರಿದ ಒಂದೇ ತುಂಡು. ಎರಡು ತುದಿಯವು ಅಕ್ಕಪಕ್ಕದ ಹಲ್ಲನ್ನು ತೇಯ್ದು ಅದರ ಮೇಲೆ ಕೂರಿಸುವ ಕ್ಯಾಪ್, ನಡುವಿನದು ಹೊಸ ಹಲ್ಲು. ಅಮ್ಮನ ಮುಂದಿನ ಹಲ್ಲಿಗೆ ಹೇಗೂ ಕ್ಯಾಪ್ ಬೇಕು, ಅದನ್ನು ತೇಯ್ದರೆ ನಷ್ಟವಿಲ್ಲ. ಹಿಂದಿನದು ಹೇಗಿದೆ ಕೇಳಿ. ಚೂರೂ ಹುಳುಕಿಲ್ಲದ ಗಟ್ಟಿ ಹಲ್ಲಾಗಿದ್ದರೆ ಇಂಪ್ಲಾಂಟ್ (ಅಕ್ಕಪಕ್ಕದ ಹಲ್ಲು ಮುಟ್ಟದೆ, ದವಡೆ ಮೂಳೆಗೆ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು ಕಟ್ಟುವುದು) ಬಗ್ಗೆಯೂ ವಿಚಾರಿಸಿ, ಯಾಕಂದರೆ ಒಮ್ಮೆ ತೇಯ್ದ ಹಲ್ಲು ಮತ್ತೆ ಬೆಳೆಯುವುದಿಲ್ಲ. ನನಗೆ ಇದನ್ನು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ, ಎರಡು ಒಳ್ಳೆಯ ಹಲ್ಲು ತೇಯಿಸಿಕೊಂಡೆ. ಆ ಬೇಜಾರು ಇನ್ನೂ ಇದೆ.

ಓಡಾಟ ಮೂರು ಸಲ ಆಯಿತು. ಮೊದಲ ದಿನ ಇಂಜೆಕ್ಷನ್ ಕೊಟ್ಟು ತೇಯ್ದು, ಅಳತೆ ತೆಗೆದು, ತಾತ್ಕಾಲಿಕ ಕ್ಯಾಪ್ ಕೂರಿಸಿದರು. ಲ್ಯಾಬಿನಿಂದ ಬರಲು ಎಂಟು ದಿನ. ಅಷ್ಟು ದಿನವೂ ತಣ್ಣೀರು ತಾಗಿದರೆ ಜುಮ್ ಅನ್ನುತ್ತಿತ್ತು. ಮುದ್ದೆ ಬಸ್ಸಾರೇ ಊಟ, ಅಗಿಯುವ ಕೆಲಸವಿಲ್ಲ ಅಲ್ವಾ. ಕೂರಿಸುವ ದಿನ ನೀಲಿ ಕಾಗದ ಇಟ್ಟು ಕಚ್ಚಿಸುತ್ತಾರೆ, ಜಾಸ್ತಿ ತಾಗುವ ಕಡೆ ಬಣ್ಣ ಹತ್ತುತ್ತದೆ, ಅಲ್ಲಿ ಉಜ್ಜಿ ಇಳಿಸುತ್ತಾರೆ. ಎತ್ತರ ಅನಿಸಿದರೆ ಅಮ್ಮ ಬಾಯಿಬಿಟ್ಟು ಹೇಳಲಿ. ನಾನು "ಪರವಾಗಿಲ್ಲ ಡಾಕ್ಟ್ರೇ" ಅಂದು ಬಂದೆ. ಎರಡೇ ದಿನಕ್ಕೆ ಆ ಕಡೆಯೆಲ್ಲ ನೋವು. ಮೂರನೇ ಸಲ ಹೋಗಿದ್ದು ಅದಕ್ಕೇ.

ಅರಸೀಕೆರೆಯಿಂದ:
ಹಾಗೇ ಬಿಡಬೇಡಿ. ನಮ್ಮ ಅತ್ತಿಗೆ ಆರು ವರ್ಷ ಬಿಟ್ಟರು. ಹಿಂದಿನ ಹಲ್ಲು ಖಾಲಿ ಜಾಗಕ್ಕೆ ವಾಲಿತು, ಮೇಲಿನದು ಕೆಳಗೆ ಇಳಿಯಿತು. ಕೊನೆಗೆ ಬ್ರಿಡ್ಜ್ ಕೂರಿಸಲು ಜಾಗ ಸಾಲದೆ ಮೇಲಿನ ಹಲ್ಲಿಗೂ ಕೆಲಸ ಬಿತ್ತು. ಬ್ರಿಡ್ಜ್‌ನಲ್ಲಿ ಮೆಟಲ್, ಮೆಟಲ್ ಮೇಲೆ ಸೆರಾಮಿಕ್, ಜಿರ್ಕೋನಿಯಾ (ಮೆಟಲ್ ಇಲ್ಲದ, ಹಲ್ಲಿನ ಬಣ್ಣದ ಗಟ್ಟಿ ಸೆರಾಮಿಕ್) ಅಂತ ಇವೆ. ಅತ್ತಿಗೆ ಬರೀ ಮೆಟಲ್ ಹಾಕಿಸಿದರು, ಹಿಂದಿನ ಹಲ್ಲು, ನಕ್ಕರೂ ಕಾಣಲ್ಲ. ದುಡ್ಡಿನ ಯೋಚನೆ ಇದ್ದರೆ ಹಾಸನದ ಹಾಸನಾಂಬ ಡೆಂಟಲ್ ಕಾಲೇಜಿನಲ್ಲೂ ವಿಚಾರಿಸಿ. ಕಾಲೇಜು ಅಂದಮೇಲೆ ಹೊತ್ತು ಜಾಸ್ತಿ ಹಿಡಿಯುತ್ತದೆ, ಬೆಳಿಗ್ಗೆ ಬೇಗ ಹೋಗಿ.

ಬೇಲೂರಿನಿಂದ:
ಕಟ್ಟಿಸಿದ ಮೇಲೆ ಕ್ಲೀನ್ ಮಾಡುವುದನ್ನು ಯಾರೂ ಹೇಳಲಿಲ್ಲ. ಕ್ಯಾಪ್‌ಗೆ ಹುಳುಕು ಹಿಡಿಯಲ್ಲ ನಿಜ, ಅಂಚಿನ ಕೆಳಗಿರುವ ನಮ್ಮ ಸ್ವಂತ ಹಲ್ಲಿಗೆ ಹಿಡಿಯುತ್ತದೆ. ನನ್ನ ಮೊದಲ ಬ್ರಿಡ್ಜ್ ಹೋಗಿದ್ದೇ ಹಾಗೆ. ಬಾಯಿ ವಾಸನೆ ಶುರುವಾಗಿತ್ತು, ಸುಮ್ನೆ ಗ್ಯಾಸ್ಟ್ರಿಕ್ ಅಂದುಕೊಂಡೆ. ಬಿಚ್ಚಿದಾಗ ಒಳಗಿನ ಹಲ್ಲು ಕಪ್ಪಾಗಿ ಮೆತ್ತಗಾಗಿತ್ತು. ನಡುವಿನ ಹಲ್ಲಿನ ಕೆಳಗೆ ಸೊಪ್ಪಿನ ನಾರು, ಅನ್ನದ ಅಗುಳು ಕೂರುತ್ತವೆ. ಮೂರೂ ಅಂಟಿಕೊಂಡಿರುವುದರಿಂದ ಹಲ್ಲಿನ ಸಂದಿ ಕ್ಲೀನ್ ಮಾಡುವ ದಾರ ಮೇಲಿಂದ ಇಳಿಯಲ್ಲ. ತುದಿ ಗಟ್ಟಿಯಿರುವ ಸೂಪರ್‌ಫ್ಲಾಸ್ ಅನ್ನುವ ದಾರ ಸಿಗುತ್ತದೆ, ಪಕ್ಕದಿಂದ ತೂರಿಸಿ ಎಳೆಯಬೇಕು. ಈಗ ದಿನಾ ರಾತ್ರಿ ಮಾಡುತ್ತೇನೆ, ಎರಡೇ ನಿಮಿಷ. ಅಮ್ಮನಿಗೆ ಡಾಕ್ಟರ್ ಹತ್ತಿರವೇ ಕನ್ನಡಿ ಹಿಡಿದು ಒಂದು ಸಲ ಮಾಡಿಸಿ.

ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಓದಿ ಹೇಳಿದೆ. ಹಿಂದಿನ ಹಲ್ಲಿಗೆ ಮೊದಲೇ ದೊಡ್ಡ ಫಿಲ್ಲಿಂಗ್ ಆಗಿದೆಯಂತೆ, ಅಮ್ಮ ಈಗ ಬಾಯಿಬಿಟ್ಟರು. ಸೋಮವಾರ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸುತ್ತೇನೆ.