ಟೊರೊಂಟೊ ಚಳಿಗಾಲ: ಮಕ್ಕಳನ್ನ ಎಲ್ಲಿಗೆ, ಯಾವಾಗ, ಏನು ಹಾಕಿ ಕರ್ಕೊಂಡು ಹೋಗೋದು?

ಮಿಸ್ಸಿಸಾಗಾದಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಇದು ನಮಗೆ ಇಲ್ಲಿ ಮೊದಲ ಚಳಿಗಾಲ. ಮಕ್ಕಳಿಗೆ 4 ಮತ್ತು 7 ವರ್ಷ. ನವೆಂಬರ್‌ನಿಂದ ಫೆಬ್ರವರಿವರೆಗೆ ಮಕ್ಕಳಿಗೆ ನಿಜಕ್ಕೂ ಖುಷಿ ಕೊಡೋದು ಯಾವುದು, ದುಡ್ಡು ದಂಡ ಯಾವುದು ಹೇಳ್ತೀರಾ? ಮನೇಲಿ ಯಾರಿಗೂ ಸ್ಕೇಟಿಂಗ್ ಬರಲ್ಲ. ಸಂಕ್ರಾಂತಿಗೆ ಸ್ಕೂಲಿಗೆ ಎಳ್ಳು-ಬೆಲ್ಲ ಕಳಿಸಬಹುದಾ ಅನ್ನೋದನ್ನೂ ತಿಳಿಸಿ.

ಸ್ಕಾರ್ಬರೋದಿಂದ

ಮೇಡಂ, ಜಾಗದ ಪಟ್ಟಿ ಆಮೇಲೆ. ಇಲ್ಲಿ ಭಾನುವಾರ ಹಾಳಾಗೋದು ಬಾಗಿಲು ದಾಟೋಕೆ ಮೊದಲೇ. ಡಿಸೆಂಬರ್‌ನಲ್ಲಿ ಸಂಜೆ 4:40ರ ಸುಮಾರಿಗೆ ಸೂರ್ಯ ಮುಳುಗಿಬಿಡ್ತಾನೆ. ಊಟ ಮುಗಿಸಿ, ಒಂದು ಸಣ್ಣ ನಿದ್ದೆ ತೆಗೆದು, ಕಾಫಿ ಕುಡಿದು ಹೊರಡೋ ನಮ್ಮ ಪದ್ಧತಿ ನಡೆಯಲ್ಲ. ಬೆಳಗ್ಗೆ 9ಕ್ಕೆ ಹೊರಟು ಮಧ್ಯಾಹ್ನ 2ರೊಳಗೆ ವಾಪಸ್ ಬನ್ನಿ. ದೀಪಾಲಂಕಾರ ನೋಡೋದಿದ್ರೆ 4:30ಕ್ಕೆ ಹೊರಟು ಎರಡು ಗಂಟೆಯಲ್ಲಿ ಮುಗಿಸಿ.

ಹವಾಮಾನ ನೋಡುವಾಗ ಡಿಗ್ರಿ ಮಾತ್ರ ನೋಡಬೇಡಿ, ವಿಂಡ್ ಚಿಲ್ ನೋಡಿ. ಮೈನಸ್ 10 ಇದ್ದು ಗಾಳಿ ಗಂಟೆಗೆ 30 ಕಿ.ಮೀ. ಬೀಸಿದ್ರೆ ಚರ್ಮಕ್ಕೆ ಅದು ಮೈನಸ್ 20ರ ಲೆಕ್ಕ. ವಿಂಡ್ ಚಿಲ್ ಮೈನಸ್ 28ಕ್ಕಿಂತ ಕೆಳಗಿಳಿದ್ರೆ ಮುಚ್ಚದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಅಂಥ ದಿನ ಹೊರಗಿನ ಕಾರ್ಯಕ್ರಮ ರದ್ದು. ಟಿಕೆಟ್ ತಗೊಂಡಾಗಿದೆ ಅಂತ ಹಟಕ್ಕೆ ಬಿದ್ದು ಹೋಗಬೇಡಿ.

ಇನ್ನು ಬಟ್ಟೆ. ಮೈಗೆ ತಾಗೋ ಪದರ ಹತ್ತಿಯದ್ದು ಬೇಡ. ಹತ್ತಿ ಬೆವರು ಕುಡಿದು ಒದ್ದೆಯಾಗೇ ಉಳಿಯುತ್ತೆ, ನಿಂತ ಕೂಡಲೇ ಮೈ ಕೊರೆಯುತ್ತೆ. ಪಾಲಿಯೆಸ್ಟರ್ ಥರ್ಮಲ್ ಅಥವಾ ಮೆರಿನೋ ಉಣ್ಣೆ, ಅದರ ಮೇಲೆ ಫ್ಲೀಸ್, ಅದರ ಮೇಲೆ ನೀರು ಇಳಿಯದ ಜಾಕೆಟ್, ಸ್ನೋ ಪ್ಯಾಂಟ್. ಬೆರಳು ಬಿಡಿಬಿಡಿಯಾಗಿರೋ ಗ್ಲೌಸ್‌ಗಿಂತ ನಾಲ್ಕು ಬೆರಳೂ ಒಟ್ಟಿಗಿರೋ ಮಿಟನ್ ಬೆಚ್ಚಗೆ. ಕತ್ತಿಗೆ ಉದ್ದ ಸ್ಕಾರ್ಫ್ ಬೇಡ, ಜಾರುಬಂಡೆಗೆ ಸಿಕ್ಕಿಕೊಳ್ಳುತ್ತೆ ಅಂತ ಎಷ್ಟೋ ಡೇಕೇರ್‌ಗಳು ಒಪ್ಪಲ್ಲ. ತಲೆ ಮೇಲಿಂದ ಹಾಕೋ ನೆಕ್ ವಾರ್ಮರ್ ತಗೊಳ್ಳಿ. ಬೂಟಿನೊಳಗೆ ಎರಡು ಜೊತೆ ಸಾಕ್ಸ್ ತುರುಕಬೇಡಿ. ಬೂಟ್ ಬಿಗಿಯಾದ್ರೆ ರಕ್ತ ಓಡಲ್ಲ, ಬೆಚ್ಚಗಿನ ಗಾಳಿಗೂ ಒಳಗೆ ಜಾಗ ಇರಲ್ಲ, ಕಾಲು ಇನ್ನೂ ತಣ್ಣಗಾಗುತ್ತೆ. ಒಳಪದರ ಬಿಚ್ಚೋಕೆ ಬರೋ ಬೂಟೇ ನೋಡಿ. ರಾತ್ರಿ ಹೊರಗೆ ತೆಗೆದಿಟ್ರೆ ಬೆಳಗ್ಗೆಗೆ ಒಣಗಿರುತ್ತೆ.

ಹಾಕೋ ಕ್ರಮಕ್ಕೂ ಅರ್ಥ ಇದೆ. ಮೊದಲು ಬಾತ್‌ರೂಮು (ಇದನ್ನ ಮರೆತವರು ಎಲ್ಲವನ್ನೂ ಎರಡು ಸಲ ಹಾಕ್ತಾರೆ). ಆಮೇಲೆ ಸ್ನೋ ಪ್ಯಾಂಟ್, ಬೂಟು, ಪ್ಯಾಂಟಿನ ಅಂಚು ಬೂಟಿನ ಮೇಲಕ್ಕೆ. ನಂತರ ನೆಕ್ ವಾರ್ಮರ್, ಟೋಪಿ, ಜಾಕೆಟ್, ಕಟ್ಟಕಡೆಗೆ ಮಿಟನ್. ಮಿಟನ್ ಮೊದಲೇ ಹಾಕಿದ್ರೆ ಜಿಪ್ ಎಳೆಯೋಕೆ ಕೈ ಇರಲ್ಲ. ಇಷ್ಟನ್ನ ನಿಮ್ಮ 4 ವರ್ಷದ ಮಗು ಸ್ಕೂಲಲ್ಲಿ ಹೆಚ್ಚುಕಮ್ಮಿ ತಾನೇ ಮಾಡಬೇಕು, ಒಬ್ಬ ಟೀಚರ್ ಇಡೀ ತರಗತಿಗೆ ಜಿಪ್ ಹಾಕೋಕಾಗಲ್ಲ. ಜಾಕೆಟ್‌ಗೆ ಒಂದು ಉಪಾಯ: ಒಳಮೈ ಮೇಲಾಗಿ, ಹುಡ್ ಮಗುವಿನ ಕಾಲಬೆರಳಿನ ಕಡೆ ಬರೋ ಹಾಗೆ ನೆಲದ ಮೇಲೆ ಹರಡಿ. ಮಗು ಬಗ್ಗಿ ಎರಡೂ ತೋಳಿಗೆ ಕೈ ತೂರಿಸಿ, ಕೈಯೆತ್ತಿ ತಲೆ ಮೇಲಿಂದ ಹಿಂದಕ್ಕೆ ಹಾಕಿದ್ರೆ ಜಾಕೆಟ್ ಬೆನ್ನ ಮೇಲೆ ಕೂತಿರುತ್ತೆ. ಒಂದು ವಾರ ಅಭ್ಯಾಸ ಮಾಡಿಸಿ. ಮಿಟನ್ ಎರಡಕ್ಕೂ ಹೆಸರು ಬರೀರಿ, ಒಂದು ಹೇಗೂ ಕಳೆಯುತ್ತೆ.

ಮಾರ್ಕಮ್‌ನಿಂದ

ಮೇಲಿನವರು ಬಿಟ್ಟ ಒಂದು ಮಾತು. ಕಾರ್ ಸೀಟಿನ ಬೆಲ್ಟ್ ಒಳಗೆ ಆ ದಪ್ಪ ಜಾಕೆಟ್ ಇರಕೂಡದು. ಪರೀಕ್ಷೆ ಮಾಡಿ ನೋಡಿ: ಜಾಕೆಟ್ ಸಮೇತ ಕೂರಿಸಿ ಬೆಲ್ಟ್ ಬಿಗಿ ಮಾಡಿ. ಬೆಲ್ಟಿನ ಉದ್ದ ಬದಲಾಯಿಸದೆ ಬಕಲ್ ತೆಗೆದು, ಜಾಕೆಟ್ ಕಳಚಿ, ಮತ್ತೆ ಅದೇ ಬೆಲ್ಟ್ ಹಾಕಿ. ಎದೆಗೂ ಬೆಲ್ಟಿಗೂ ನಡುವೆ ಎಷ್ಟು ಸಡಿಲ ಉಳಿಯುತ್ತೆ ಕಣ್ಣಿಗೇ ಕಾಣುತ್ತೆ. ಡಿಕ್ಕಿಯಾದಾಗ ಜಾಕೆಟಿನೊಳಗಿನ ಗಾಳಿ ಚಪ್ಪಟೆಯಾಗಿ ಅಷ್ಟೂ ಸಡಿಲ ಹೊರಬರುತ್ತೆ. ಫ್ಲೀಸ್‌ನಲ್ಲಿ ಕೂರಿಸಿ, ಬೆಲ್ಟ್ ಬಿಗಿ ಮಾಡಿ, ಜಾಕೆಟನ್ನ ಹಿಂದುಮುಂದಾಗಿ ಎದೆ ಮೇಲೆ ಹೊದಿಸಿ. ಭುಜದ ಹತ್ತಿರ ಬೆಲ್ಟಿನ ಪಟ್ಟಿಯನ್ನ ಎರಡು ಬೆರಳಲ್ಲಿ ಚಿವುಟೋಕೆ ಬಂದ್ರೆ ಅದು ಇನ್ನೂ ಸಡಿಲ ಅಂತ ಲೆಕ್ಕ.

ನಾರ್ತ್ ಯಾರ್ಕ್‌ನಿಂದ, ಸ್ಕೇಟಿಂಗ್ ಬಗ್ಗೆ

ಯಾರಿಗೂ ಬರಲ್ಲ ಅನ್ನೋದು ತೊಂದರೆಯೇ ಅಲ್ಲ. ಸಿಟಿ ಹಾಲ್ ಮುಂದಿನ ನೇಥನ್ ಫಿಲಿಪ್ಸ್ ಸ್ಕ್ವೇರ್ ರಿಂಕ್ (ಸ್ಕೇಟಿಂಗ್ ಮಾಡೋ ಐಸ್ ಅಂಗಳ) ಉಚಿತ, ಸಾಮಾನ್ಯವಾಗಿ ನವೆಂಬರ್ ಕೊನೆಗೆ ಶುರು, ಸ್ಕೇಟ್ ಅಲ್ಲೇ ಬಾಡಿಗೆಗೆ ಸಿಗುತ್ತೆ. ಅದೇ ಹೊತ್ತಿಗೆ ಕ್ರಿಸ್ಮಸ್ ಮರದ ದೀಪ ಹಚ್ಚೋ ಕ್ಯಾವಲ್‌ಕೇಡ್ ಆಫ್ ಲೈಟ್ಸ್ ಅಲ್ಲೇ ನಡೆಯುತ್ತೆ, 1967ರಿಂದ ಬಂದ ಸಂಪ್ರದಾಯ. ಆದ್ರೆ ಆ ರಾತ್ರಿ ಕಲಿಯೋ ಮಕ್ಕಳನ್ನ ಐಸ್ ಮೇಲೆ ಇಳಿಸಬೇಡಿ, ಜನ ಜಾತ್ರೆ. ಶನಿವಾರ ಬೆಳಗ್ಗೆ ತೆರೆದ ಕೂಡಲೇ ಹೋಗಿ. ಐಸ್ ನಯವಾಗಿರುತ್ತೆ, ಜೋರಾಗಿ ಓಡೋ ಹುಡುಗರು ಇನ್ನೂ ಎದ್ದಿರಲ್ಲ. ಮಧ್ಯೆ ಯಂತ್ರ ಬಂದು ಐಸ್ ಸರಿಮಾಡುವಾಗ ಎಲ್ಲರನ್ನೂ ಹೊರಗೆ ಕಳಿಸ್ತಾರೆ, ಅದೇ ತಿಂಡಿ ಹೊತ್ತು ಅಂದ್ಕೊಳ್ಳಿ. ಗಾರ್ಡಿನರ್ ಎಕ್ಸ್‌ಪ್ರೆಸ್‌ವೇ ಅಡಿಯ ಬೆಂಟ್‌ವೇ ಕೂಡ ಉಚಿತ: 220 ಮೀಟರ್, ಎಂಟರ ಆಕಾರದ ದಾರಿ. ಆದ್ರೆ ಹಿಡಿದುಕೊಳ್ಳೋ ಗೋಡೆ ಬೇಕಾದವರಿಗೆ ಅದು ಎರಡನೇ ಹಂತ. ನಿಮಗೆ ಹತ್ತಿರ ಬೇಕಂದ್ರೆ ಮಿಸ್ಸಿಸಾಗಾದ ಸೆಲೆಬ್ರೇಷನ್ ಸ್ಕ್ವೇರ್ ರಿಂಕೂ ಉಚಿತವೇ.

ಸ್ಕೇಟ್ ಸೈಜಿನಲ್ಲಿ ನಮ್ಮವರು ಮಾಡೋ ತಪ್ಪು ಒಂದೇ: ಮುಂದಿನ ವರ್ಷಕ್ಕೂ ಆಗ್ಲಿ ಅಂತ ದೊಡ್ಡದು ತಗೊಳ್ಳೋದು. ಸ್ಕೇಟ್ ಸಾಮಾನ್ಯವಾಗಿ ಶೂಗಿಂತ ಒಂದು ಸೈಜ್ ಚಿಕ್ಕದೇ ಇರಬೇಕು. ದೊಡ್ಡದಾದ್ರೆ ಹಿಮ್ಮಡಿ ಒಳಗೆ ಆಡಿ, ಕಣಕಾಲು ಒಳಕ್ಕೆ ವಾಲುತ್ತೆ. ಮಗುವಿಗೆ ಕಾಲು ನೋಯುತ್ತೆ, ಅಪ್ಪ-ಅಮ್ಮ ಇವನಿಗೆ ಇಷ್ಟ ಇಲ್ಲ ಅಂತ ತೀರ್ಮಾನ ಮಾಡ್ತಾರೆ. ತೆಳು ಸಾಕ್ಸ್ ಒಂದೇ ಜೊತೆ. ಹಿಮ್ಮಡಿಯನ್ನ ನೆಲಕ್ಕೆ ಗುದ್ದಿಸಿ ಹಿಂದಕ್ಕೆ ಕೂರಿಸಿ, ಲೇಸ್ ಬೆರಳ ಹತ್ತಿರ ಸಡಿಲ, ಪಾದದ ಮೇಲೂ ಕಣಕಾಲಿಗೂ ಬಿಗಿ. ಬ್ಲೇಡ್ ಎರಡೆರಡಿರೋ ಬಾಬ್ ಸ್ಕೇಟ್ ಅಂಗಡೀಲಿ ಮುದ್ದಾಗಿ ಕಾಣುತ್ತೆ, ತಗೋಬೇಡಿ. ಅದಕ್ಕೆ ಐಸ್ ಕಚ್ಚೋ ಅಂಚೇ ಇಲ್ಲ. ಸ್ವಂತದ್ದು ಕೊಂಡ್ರೆ ಮೊದಲು ಹರಿತ ಮಾಡಿಸಿ. ಹೊಸ ಜೋಡಿಗಳು ಬಹುಪಾಲು ಮೊಂಡಾಗೇ ಬರ್ತವೆ.

ಕಲಿಸೋದು ಮನೆ ಕಾರ್ಪೆಟ್ ಮೇಲೆ ಶುರುವಾಗ್ಲಿ, ಸ್ಕೇಟ್ ಇಲ್ಲದೆ. ಮೊದಲ ಪಾಠ ಬೀಳೋದು: ಮಂಡಿ ಬಗ್ಗಿಸಿ ಪಕ್ಕಕ್ಕೆ ಕೂತ ಹಾಗೆ, ಕೈ ಮುಷ್ಟಿ ಕಟ್ಟಿ. ಬೆರಳು ಚಾಚಿದ್ರೆ ಬೇರೆಯವರ ಬ್ಲೇಡ್ ಹಾದುಹೋಗೋ ಅಪಾಯ. ಎರಡನೇದು ಏಳೋದು: ಎರಡೂ ಮಂಡಿ ಊರಿ, ಒಂದು ಪಾದ ಮುಂದಿಟ್ಟು, ಆ ಮಂಡಿ ಮೇಲೆ ಎರಡೂ ಕೈ ಊರಿ ಎದ್ದೇಳೋದು. ಐಸ್ ಮೇಲೆ ಮೊದಲು ಜಾರೋದಲ್ಲ, ಬಾತುಕೋಳಿ ನಡಿಗೆ. ಮಗುವಿನ ಕೈಗಳನ್ನ ಮೇಲಕ್ಕೆತ್ತಿ ಹಿಡೀಬೇಡಿ, ಭಾರ ಹಿಂದಕ್ಕೆ ಹೋಗಿ ಕಾಲು ಮುಂದಕ್ಕೆ ಹಾರುತ್ತೆ. ಮಗುವಿನ ಕೈ ಅದರ ಮಂಡಿ ಮೇಲಿರ್ಲಿ, ನೀವು ಮುಂದೆ ನಿಂತು ಕರೀರಿ. ಮೊದಲ ದಿನಕ್ಕೆ 30 ನಿಮಿಷ ಸಾಕು. ಅಳೋಕೆ ಮೊದಲೇ ನಿಲ್ಲಿಸಿ.

ತರಗತಿ ಬೇಕಿದ್ರೆ ನಗರಸಭೆಯವರದ್ದೇ ಅಗ್ಗ. ಆದ್ರೆ ಆನ್‌ಲೈನ್ ನೋಂದಣಿ ಬೆಳಗ್ಗೆ 7ಕ್ಕೆ ತೆರೆದು, ಚಿಕ್ಕ ಮಕ್ಕಳ ತರಗತಿ ನೋಡನೋಡುತ್ತಲೇ ತುಂಬುತ್ತೆ. ಖಾತೆಯನ್ನ ಹಿಂದಿನ ವಾರವೇ ತೆರೆದಿಟ್ಟುಕೊಳ್ಳಿ.

ಡೌನ್‌ಟೌನ್‌ನಿಂದ

ಸ್ಯಾಂಟಾ ಕ್ಲಾಸ್ ಪರೇಡ್ ತಪ್ಪಿಸಬೇಡಿ. 1905ರಲ್ಲಿ ಈಟನ್ಸ್ ಅಂಗಡಿಯವರು ಶುರು ಮಾಡಿದ್ದು, ನವೆಂಬರ್‌ನ ಒಂದು ಭಾನುವಾರ ನಡೆಯುತ್ತೆ, ನೋಡೋಕೆ ಕಾಸಿಲ್ಲ. ಮೈಸೂರಿನ ಜಂಬೂ ಸವಾರಿ ನೋಡಿದವರಿಗೆ ವರಸೆ ಗೊತ್ತೇ ಇದೆ, ಬೇಗ ಹೋದವರಿಗೆ ಮುಂದಿನ ಸಾಲು. ಇಲ್ಲಿ ಶತ್ರು ಚಳಿಗಿಂತ ಹೆಚ್ಚಾಗಿ ನಿಂತೇ ಇರೋದು. ನಡೆಯುವಾಗ ತಡೆಯೋ ಚಳಿ, ಒಂದೂವರೆ ಗಂಟೆ ಅಲ್ಲಾಡದೆ ನಿಂತ್ರೆ ಅಂಗಾಲಿನಿಂದ ಏರುತ್ತೆ. ರಟ್ಟಿನ ಪೆಟ್ಟಿಗೆ ಮಡಚಿ ಒಯ್ದು ಕಾಲ ಕೆಳಗೆ ಹಾಕಿ, ವ್ಯತ್ಯಾಸ ಐದೇ ನಿಮಿಷದಲ್ಲಿ ಗೊತ್ತಾಗುತ್ತೆ. ಅಂಚೆಯವರು ಮೆರವಣಿಗೆಯಲ್ಲೇ ಮಕ್ಕಳ ಕಾಗದ ತಗೋತಾರೆ, ಬರೆದಿಟ್ಟುಕೊಂಡು ಹೋಗಿ. ತಪ್ಪಿದ್ರೆ ಅಂಚೆ ಡಬ್ಬಿಗೆ ಹಾಕಿ: ಸ್ಯಾಂಟಾ ಕ್ಲಾಸ್, ನಾರ್ತ್ ಪೋಲ್, ಪಿನ್ ಕೋಡ್ ಜಾಗದಲ್ಲಿ ಎಚ್0ಎಚ್ 0ಎಚ್0. ಸೊನ್ನೆಯನ್ನ ಓ ಅಂತ ಓದಿದ್ರೆ ಹೋ ಹೋ ಹೋ ಅನ್ನೋ ಸ್ಯಾಂಟಾನ ನಗುವೇ. ಸ್ಟಾಂಪ್ ಬೇಡ. ಡಿಸೆಂಬರ್ ಮೊದಲ ವಾರದೊಳಗೆ ಹಾಕಿ, ನಿಮ್ಮ ವಿಳಾಸ ಪೂರ್ತಿ ಬರೀರಿ, ಉತ್ತರ ಬರುತ್ತೆ. 7 ವರ್ಷದ ಮಗುವಿಗೆ ಪತ್ರ ಬರೆಯೋದು ಕಲಿಸೋಕೆ ಇದಕ್ಕಿಂತ ಒಳ್ಳೆ ನೆಪ ಇಲ್ಲ.

ಡಿಸ್ಟಿಲರಿ ವಿಂಟರ್ ವಿಲೇಜ್ ಅನ್ನೋ ಕ್ರಿಸ್ಮಸ್ ಸಂತೆ ಚೆಂದವೇ, ಆದ್ರೆ ವಾರಾಂತ್ಯದ ಸಂಜೆ ಟಿಕೆಟ್ ಕೊಟ್ಟು ಹೋಗೋದು ದಂಡ ಅಂತ ನನ್ನ ಅಭಿಪ್ರಾಯ. ಇಟ್ಟಿಗೆ ಹಾಸಿನ ದಾರಿ, ಸ್ಟ್ರಾಲರ್ ಉರುಳಲ್ಲ, 4 ವರ್ಷದ ಮಗುವಿಗೆ ಕಾಣೋದು ಬರೀ ಜನರ ಸೊಂಟ. ಕ್ರಿಸ್ಮಸ್ ರಜೆಗೆ ಮೊದಲು, ವಾರದ ದಿನ ಹಗಲು ಹೊತ್ತು ಉಚಿತವಾಗಿ ಹೋಗಬಹುದು.

ಒಂದು ಹೊರಗಿನ ಜಾಗಕ್ಕೆ ಒಂದು ಬೆಚ್ಚಗಿನ ಜಾಗ ಜೋಡಿಸಿ. ಅಲೆನ್ ಗಾರ್ಡನ್ಸ್ ಗಾಜಿನ ಮನೆ ಉಚಿತ, ಪಾಮ್ ಹೌಸ್ 1910ರದ್ದು, ಡಿಸೆಂಬರ್‌ನಲ್ಲಿ ಹೂವಿನ ಪ್ರದರ್ಶನ ಇರುತ್ತೆ. ಯಾವ ಭಾಗ ತೆರೆದಿದೆ ಅಂತ ನೋಡ್ಕೊಂಡು ಹೋಗಿ. ಒಳಗೆ ಕಾಲಿಟ್ಟ ಕೂಡಲೇ ಜಾಕೆಟ್ ಬಿಚ್ಚಿಸಿ. ಬೆವೆತು ಹೊರಗೆ ಬಂದ್ರೆ ಮೊದಲಿಗಿಂತ ಜಾಸ್ತಿ ಚಳಿ. ಟೊರೊಂಟೊ ಲೈಬ್ರರಿ ಕಾರ್ಡ್ ಇದ್ದವರಿಗೆ ಮ್ಯೂಸಿಯಂಗಳಿಗೆ ಉಚಿತ ಪಾಸ್ ಸಿಗುತ್ತೆ, ನೀವು ಮಿಸ್ಸಿಸಾಗಾದವರು ನಿಮ್ಮ ಲೈಬ್ರರಿಯಲ್ಲಿ ಕೇಳಿ. ಆರ್ಟ್ ಗ್ಯಾಲರಿ ಆಫ್ ಒಂಟಾರಿಯೋದಲ್ಲಿ 25 ವರ್ಷದೊಳಗಿನ ಒಂಟಾರಿಯೋದವರಿಗೆ ಪ್ರವೇಶ ಉಚಿತ.

ಓಡಾಟಕ್ಕೆ ಕಾರಿಗಿಂತ ಪೋರ್ಟ್ ಕ್ರೆಡಿಟ್‌ನಿಂದ ಗೋ ಟ್ರೈನ್ ಮೇಲು. ಗೋ, ಟಿಟಿಸಿ (ಟೊರೊಂಟೊ ನಗರದ ಬಸ್, ಸಬ್‌ವೇ) ಎರಡರಲ್ಲೂ 12 ವರ್ಷದವರೆಗೆ ಉಚಿತ. ದೊಡ್ಡವರಿಗೆ ಗೋ ಟ್ರೈನಿನ ವಾರಾಂತ್ಯದ ದಿನದ ಪಾಸ್ ಆನ್‌ಲೈನ್‌ನಲ್ಲಿ 10 ಡಾಲರ್. ಯೂನಿಯನ್‌ನಿಂದ ನೆಲದಡಿಯ ಪಾತ್ ದಾರಿ ಹಿಡಿದ್ರೆ ಸಿಟಿ ಹಾಲ್‌ವರೆಗೆ ಗಾಳಿಯೇ ತಾಗಲ್ಲ. ವಾರಾಂತ್ಯ ಕೆಲವು ಬಾಗಿಲು ಮುಚ್ಚಿರ್ತವೆ, ಅಷ್ಟೇ.

ಸ್ಕಾರ್ಬರೋದಿಂದ ಮತ್ತೆ

ಹಿಮದಲ್ಲಿ ಜಾರೋದನ್ನ ಯಾರೂ ಹೇಳಲಿಲ್ಲ. ಸ್ಲೆಡ್ (ಹಿಮದ ಮೇಲೆ ಕೂತು ಜಾರೋ ಹಲಗೆ) ಒಂದಿದ್ರೆ ಸಾಕು, ಆದ್ರೆ ಗುಡ್ಡ ನೋಡಿ ಆರಿಸಿ. 2024ರ ಜನವರಿಯಲ್ಲಿ ಟೊರೊಂಟೊ ನಗರದವರು 45 ಗುಡ್ಡಗಳಲ್ಲಿ ಇಲ್ಲಿ ಜಾರಬೇಡಿ ಅಂತ ಫಲಕ ಹಾಕಿದ್ರು. ಕೆಳಗೆ ರಸ್ತೆ, ಮರ, ಬೇಲಿ ಇಲ್ಲದೆ ಉದ್ದಕ್ಕೆ ಸಮತಟ್ಟಾಗಿರಬೇಕು. ಕಾಲು ಮುಂದೆ ಮಾಡಿ ಕೂತೇ ಜಾರಬೇಕು, ಹೊಟ್ಟೆ ಮೇಲೆ ಮಲಗಿ ತಲೆ ಮುಂದೆ ಮಾಡಿ ಅಲ್ಲ. ಹತ್ತೋದು ಪಕ್ಕದಿಂದ.

ಬ್ರಾಂಪ್ಟನ್‌ನಿಂದ, ಎಳ್ಳು-ಬೆಲ್ಲದ ಬಗ್ಗೆ

ಸ್ಕೂಲಿಗೆ ಬೇಡವೇ ಬೇಡ ಮೇಡಂ. ಕಡಲೆಬೀಜ ಅಷ್ಟೇ ಅಲ್ಲ, ಎಳ್ಳು ಕೂಡ ಕೆನಡಾದ ಮುಖ್ಯ ಅಲರ್ಜಿ ಪದಾರ್ಥಗಳ ಪಟ್ಟಿಯಲ್ಲಿದೆ. ಒಂಟಾರಿಯೋದಲ್ಲಿ 2006ರಿಂದ ಜಾರಿಯಲ್ಲಿರೋ ಸಬ್ರಿನಾ ಕಾನೂನಿನ ಪ್ರಕಾರ ಪ್ರತಿ ಸ್ಕೂಲೂ ತೀವ್ರ ಅಲರ್ಜಿಗೆ ಯೋಜನೆ ಇಟ್ಟುಕೊಂಡಿರಲೇಬೇಕು. ಕಡಲೆಬೀಜ ತೆಗೆದು ಕಳಿಸ್ತೀನಿ ಅನ್ನೋದೂ ಪರಿಹಾರ ಅಲ್ಲ. ಸ್ಕೂಲಿಗೆ ಗಾಳಿಪಟ ಅಥವಾ ರಂಗೋಲಿ ಚಿತ್ರ ಕಳಿಸಿ, ಎಳ್ಳು ಮನೆಮನೆಗೆ ಬೀರಿ.

ಸುಮಾರು 20 ಸಣ್ಣ ಪೊಟ್ಟಣಕ್ಕೆ ಕೊಬ್ಬರಿ, ಬೆಲ್ಲ, ಕಡಲೆಬೀಜ ತಲಾ 250 ಗ್ರಾಂ, ಹುರಿಗಡಲೆ 200, ಬಿಳಿ ಎಳ್ಳು 100. ಊರಲ್ಲಿ ಬಿಸಿಲಲ್ಲಿ ಒಣಗಿಸೋದು, ಇಲ್ಲಿ ಹೀಟರ್ ಗಾಳಿ ಆ ಕೆಲಸ ಮಾಡುತ್ತೆ. ಕೊಬ್ಬರಿ ಬಟ್ಟಲಿನ ಕಂದು ಸಿಪ್ಪೆಯನ್ನ ಪೀಲರ್‌ನಲ್ಲಿ ಹೆರೆದು, ಸಣ್ಣಗೆ ಹೆಚ್ಚಿ, ತಟ್ಟೆಯಲ್ಲಿ ಹರಡಿ ಎರಡು ದಿನ ಬಿಡಿ. ಇಲ್ಲಿ ಸಿಗೋ ಬೆಲ್ಲ ಹೆಚ್ಚಾಗಿ ಮೆತ್ತಗೆ. ಅದನ್ನೂ ಹೆಚ್ಚಿ ಬೇರೆ ತಟ್ಟೆಯಲ್ಲಿ ಒಣಗಿಸಿ. ಅವಸರಕ್ಕೆ ಓವನ್‌ಗೆ ಇಟ್ರೆ ಕರಗಿ ಪಾಕವಾಗುತ್ತೆ. ಕಡಲೆಬೀಜಕ್ಕೆ ಮಾತ್ರ ಓವನ್ ಅನುಕೂಲ: 175 ಡಿಗ್ರಿ ಸೆಲ್ಸಿಯಸ್, 12ರಿಂದ 15 ನಿಮಿಷ, ಮಧ್ಯೆ ಒಮ್ಮೆ ಕೈಯಾಡಿಸಿ, ಆರಿದ ಮೇಲೆ ಉಜ್ಜಿ ಸಿಪ್ಪೆ ತೆಗೆದು ಬೇಳೆ ಮಾಡಿ. ಎಳ್ಳನ್ನ ಸಣ್ಣ ಉರಿಯಲ್ಲಿ ಚಟಪಟ ಅನ್ನೋವರೆಗೆ ಹುರೀರಿ, ಚಿಮಣಿ ಫ್ಯಾನ್ ಹಾಕ್ಕೊಂಡೇ. ಹೊಗೆ ಅಲಾರಂ ಇಡೀ ಅಪಾರ್ಟ್‌ಮೆಂಟನ್ನ ಎಬ್ಬಿಸೀತು. ಎಲ್ಲ ಪೂರ್ತಿ ತಣ್ಣಗಾದ ಮೇಲೆಯೇ ಬೆಲ್ಲ ಬೆರೆಸಿ, ಇಲ್ಲದಿದ್ರೆ ಉಂಡೆಗಟ್ಟುತ್ತೆ.

ಚಿಕ್ಕವನಿಗೆ ಎರೆಯೋಕೆ ಎಲಚಿ ಹಣ್ಣು ಸಿಗದಿದ್ರೆ ಚೈನೀಸ್ ಅಂಗಡಿಯ ಒಣ ಕೆಂಪು ಜುಜುಬೆ ತಗೊಳ್ಳಿ, ಅದೂ ಎಲಚಿಯ ಜಾತಿಯದ್ದೇ. ಕಬ್ಬಿನ ತುಂಡು, ಚಿಲ್ಲರೆ ಕಾಸು ಹೇಗೂ ಇದೆ. ಕಡಲೆಬೀಜ, ಕೊಬ್ಬರಿ ತುಂಡು ಪುಟ್ಟ ಮಕ್ಕಳ ಗಂಟಲಿಗೆ ಸಿಕ್ಕೋ ಸಾಧ್ಯತೆ ಇದೆ. ಅಂಥ ಮಕ್ಕಳಿರೋ ಮನೆಗೆ ಕೊಡೋ ಪೊಟ್ಟಣವನ್ನ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ ಪುಡಿ ಮಾಡಿಯೇ ಕೊಡಿ.

ಮಿಸ್ಸಿಸಾಗಾದಿಂದ

ತುಂಬಾ ಉಪಕಾರ ಆಯ್ತು. ಶನಿವಾರ ಸಿಟಿ ಹಾಲ್ ರಿಂಕ್ ಅಂತ ನಿರ್ಧಾರ. ಸೈಕಲ್ ಹೆಲ್ಮೆಟ್ ಇದೆ, ಅದೇ ಸಾಕಲ್ವಾ?

ನಾರ್ತ್ ಯಾರ್ಕ್‌ನಿಂದ

ಸಾಲಲ್ಲ. ನಗರದ ರಿಂಕ್‌ಗಳಲ್ಲಿ 6 ವರ್ಷದೊಳಗಿನವರಿಗೆ ಸಿಎಸ್‌ಎ (ಕೆನಡಾದ ಗುಣಮಟ್ಟ ಸಂಸ್ಥೆ) ಗುರುತಿರೋ ಹೆಲ್ಮೆಟ್ ಕಡ್ಡಾಯ, ಐಸ್ ಹಾಕಿ ಆಟದ ಹೆಲ್ಮೆಟೇ ತಗೊಳ್ಳಿ, 7 ವರ್ಷದವರಿಗೂ. ಐಸ್ ಮೇಲೆ ಬೀಳೋದು ಹೆಚ್ಚಾಗಿ ಹಿಂದಕ್ಕೆ, ಅದು ತಲೆಯ ಹಿಂಭಾಗವನ್ನ ಪೂರ್ತಿ ಮುಚ್ಚುತ್ತೆ. ಹುಬ್ಬಿನ ಒಂದು ಬೆರಳು ಮೇಲೆ ಟೇಪ್ ಸುತ್ತಿ ಅಳತೆ ತಗೊಂಡು ಅಂಗಡಿಗೆ ಹೋಗಿ. ಹಾಕಿದ ಮೇಲೆ ತಲೆ ಅಲ್ಲಾಡಿಸಿದ್ರೆ ಹೆಲ್ಮೆಟ್ ಜೊತೆಗೆ ಹಣೆಯ ಚರ್ಮವೂ ಅಲ್ಲಾಡಬೇಕು. ಒಳಗೆ ದಪ್ಪ ಉಣ್ಣೆ ಟೋಪಿ ಬೇಡ, ತೆಳು ಫ್ಲೀಸ್ ಟೋಪಿ ಆಗುತ್ತೆ. ಅಳತೆ ತಗೊಳ್ಳುವಾಗಲೂ ಅದನ್ನ ಹಾಕಿಸಿಯೇ ತಗೊಳ್ಳಿ.